ಮಿನ್ಯೊ ಎಳೆದ ಅರ್ಥಿಂಗ್ ತಂತಿ

ಮಿನ್ಯೊ ಬದುಕಿದ್ದ ಕೊನೆಯ ಇಡೀ ದಿನ ಒಂದು ಶನಿವಾರ. ಸಣ್ಣಗೆ ಮಳೆ ಹನಿಯುತ್ತಿತ್ತು. ಗಿನ್ಕಾ ಅಡುಗೆಮನೆಯಲ್ಲಿ ದಪ್ಪ ಕೆಂಪು ಮೆಣಸಿನಕಾಯಿ ಸುಡುತ್ತಿದ್ದಳು. ಸಿಪ್ಪೆ ಕಪ್ಪಾಗಿ ಉಬ್ಬಿ ಬಿರಿಯುತ್ತಿತ್ತು. ಚಳಿಗಾಲಕ್ಕೆ ಜಾಡಿ ತುಂಬಿಡುವ ಕೆಲಸ. ಅವಳ ಗಂಡ ಮಿನ್ಯೊ ನಡುಮನೆಯ ನೆಲದ ಮೇಲೆ ಬೋರಲು ಮಲಗಿ ಎಡಗಡೆಯ ಸ್ಪೀಕರಿಗೆ ಕಿವಿ ಹಚ್ಚಿದ್ದ. ಹಾಡು ಇರಲಿಲ್ಲ. ರೆಕಾರ್ಡು ತಿರುಗುತ್ತಿರಲಿಲ್ಲ. ಹಾಡಿಲ್ಲದಾಗ ಸ್ಪೀಕರ್ ಏನು ಹೇಳುತ್ತದೆ ಅನ್ನುವುದನ್ನು ಅವನು ಬೇಸಿಗೆಯಿಂದಲೂ ಹಾಗೇ ಕೇಳುತ್ತ ಬಂದಿದ್ದ.

"ಗಿನ್ಕಾ, ಬಾ ಇಲ್ಲಿ."

"ಕೈಯೆಲ್ಲ ಮಸಿ."

"ಮಸಿ ಕೈಲೇ ಬಾ. ನಂಗೆ ಬೇಕಿರೋದು ನಿನ್ನ ಕಿವಿ."

ಅವಳು ಬಂದು ಮಂಡಿಯೂರಿ ಕಿವಿ ಕೊಟ್ಟಳು. ಗುಂಯ್ ಅನ್ನುತ್ತಿತ್ತು. ಮುಚ್ಚಿದ ಜಾಡಿಯೊಳಗೆ ಸಿಕ್ಕಿಕೊಂಡ ದುಂಬಿಯ ಹಾಗೆ, ನಿಲ್ಲದೆ, ಏರದೆ, ಇಳಿಯದೆ.

"ಇದೆ," ಅಂದಳು.

"ನಿನ್ನೆಗಿಂತ ಜಾಸ್ತೀನಾ ಕಮ್ಮೀನಾ?"

"ಜಾಸ್ತಿ."

"ಗಿರಣಿ ಮಗ್ಗದ ಸದ್ದು ತಿಂದು ಬಿಟ್ಟಿರೋ ಕಿವಿ ನಿಂದು. ನಿನ್ನ ಕೇಳ್ತೀನಲ್ಲ, ನಂಗೆ ಬುದ್ಧಿ ಇಲ್ಲ."

"ಹಂಗಾದ್ರೆ ಕರೀಬೇಡ. ನಿನ್ನ ಸ್ಪೀಕರು ಊಟಕ್ಕೆ ಬರಲ್ಲ, ನನ್ನ ಮೆಣಸಿನಕಾಯಿ ಬರುತ್ತೆ."

ಅವನು ನಕ್ಕ. ಎದ್ದು ಮಂಡಿ ಒರೆಸಿಕೊಂಡ. ಗೆಳೆಯ ಕಾಲ್ಚೊನ ಹತ್ತಿರ ಹೋಗಿ ಬರುತ್ತೇನೆ ಅಂದ. ಹೋಗಬೇಡ ಅನ್ನುವುದಕ್ಕೆ ಅವಳಿಗೆ ಕಾರಣ ಇರಲಿಲ್ಲ.

ಮಿನ್ಯೊ ಆ ಊರಿನಲ್ಲೇ, ಗಾಬ್ರೊವೊದಲ್ಲೇ, ಹುಟ್ಟಿದವನು. ಭಾರ ಎತ್ತುವ ಯಂತ್ರ ಮಾಡುವ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಅದು ಸೊರಗಿದ ಮೇಲೆ ಒಂದು ಶಾಲೆಯ ಬಾಯ್ಲರ್ ನೋಡಿಕೊಂಡ. ಎತ್ತರದ ಆಳು, ಸಣ್ಣ ತಲೆ, ದೊಡ್ಡ ಕಿವಿ. ಕುಡಿತ ಕಡಿಮೆ. ಸಿಗರೇಟು ಮದುವೆಯಾದ ವರ್ಷವೇ ಬಿಟ್ಟ. ಅದರ ಕಾಸಿನಲ್ಲಿ ರೆಕಾರ್ಡ್ ತಂದ. ಅವನಿಗಿದ್ದ ಹುಚ್ಚು ಅದೊಂದೇ.

ಗಾಬ್ರೊವೊದವರು ಜುಗ್ಗರು ಅಂತ ಇಡೀ ದೇಶ ನಗುತ್ತದೆ. ಬಾಗಿಲು ಬೇಗ ಮುಚ್ಚಲಿ, ಮನೆಯ ಬಿಸಿ ಆಚೆ ಹೋಗದಿರಲಿ ಅಂತ ಬೆಕ್ಕಿನ ಬಾಲ ಕತ್ತರಿಸುತ್ತಾರೆ ಅನ್ನುತ್ತಾರೆ. ಊರಿನವರೂ ನಗುತ್ತಾರೆ, ಜೊತೆಗೆ ಬಾಗಿಲನ್ನೂ ಬೇಗ ಮುಚ್ಚುತ್ತಾರೆ. ಅಂಥ ಊರಿನಲ್ಲಿ ಹಾಡಿನ ಪೆಟ್ಟಿಗೆಗೆ ದುಡ್ಡು ಹಾಕಬೇಕಾದರೆ ಮೊದಲು ಕೇಳುತ್ತಿದ್ದದ್ದು ಮಿನ್ಯೊನನ್ನು. ಅವನು ಕಾಸು ತೆಗೆದುಕೊಳ್ಳುತ್ತಿರಲಿಲ್ಲ. ಹಣ್ಣಿನಿಂದ ಬಟ್ಟಿ ಇಳಿಸಿದ ರಾಕಿಯಾ ಒಂದು ಲೋಟ ಕೊಟ್ಟರೆ ಅರ್ಧ ಕುಡಿದು ಅರ್ಧ ಬಿಡುತ್ತಿದ್ದ.

ಅವನು ಹೇಳುತ್ತಿದ್ದದ್ದು ಯಾವಾಗಲೂ ಒಂದೇ. "ಮೊದಲು ಸ್ಪೀಕರನ್ನ ಗೋಡೆಯಿಂದ ಒಂದು ಮೊಳ ಮುಂದೆ ಎಳಿ. ಅದಕ್ಕೆ ಕಾಸು ಬೇಡ. ಹಿಂದಿನ ಗೋಡೆಗೆ ಒಂದು ದಪ್ಪ ಕಂಬಳಿ ನೇತುಹಾಕು, ಅದು ನಿಮ್ಮಜ್ಜಿ ನೇಯ್ದದ್ದು ಮನೇಲೇ ಇರುತ್ತೆ. ರೆಕಾರ್ಡ್ ತೊಳಿ. ಅರ್ಧ ಜನಕ್ಕೆ ಅಲ್ಲಿಗೇ ಸಾಕಾಗುತ್ತೆ. ಇನ್ನೂ ಸಾಲ್ದು ಅಂದ್ರೆ ಸೂಜಿ ಬದಲಾಯಿಸು. ಅದಾದ ಮೇಲೆ ಸ್ಪೀಕರು. ಆಂಪ್ಲಿಫೈಯರು ಕಡೆಗೆ. ತಂತಿಗೆ ಮಾತ್ರ ದುಡ್ಡು ಸುರೀಬೇಡ."

ಬೇಕರಿಯ ಸ್ಟಾನ್ಯೊ ಒಮ್ಮೆ ಹಾವಿನಷ್ಟು ದಪ್ಪದ ತಂತಿ ಹಿಡಿದುಕೊಂಡು ಬಂದಿದ್ದ. ತಿರುಗಿ ಕೊಡಬಹುದು, ಎರಡು ದಿನ ಪರೀಕ್ಷೆ ಮಾಡಿ ನೋಡಿ ಅಂತ ಅಂಗಡಿಯವನು ಹೇಳಿದ್ದನಂತೆ. ಮಿನ್ಯೊ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಕಣ್ಣು ಮುಚ್ಚಿಸಿ, ಆಂಪ್ಲಿಫೈಯರಿನ ಹಿಂದೆ ಕುಕ್ಕರುಗಾಲಿನಲ್ಲಿ ಕೂತು ಸ್ವಲ್ಪ ಹೊತ್ತು ಕಟಕಟ ಸದ್ದು ಮಾಡಿದ.

"ಈಗ ಹೆಂಗಿದೆ?"

"ಅಯ್ಯೋ, ಈಗ ಬೇರೇನೇ. ಪಿಟೀಲು ಎದುರಿಗೇ ಬಂದು ನಿಂತ ಹಂಗಿದೆ."

"ನಾನು ಏನೂ ಬದಲಾಯಿಸ್ಲಿಲ್ಲ ಸ್ಟಾನ್ಯೊ. ಹಳೇ ತಂತೀನೇ."

ಗಿನ್ಕಾ ಅಡುಗೆಮನೆಯಲ್ಲಿ ನಕ್ಕು ನಕ್ಕು ಸೌಟು ಕೆಳಗೆ ಹಾಕಿದ್ದಳು. ಸ್ಟಾನ್ಯೊ ತಂತಿ ವಾಪಸು ಕೊಟ್ಟ. ಆಮೇಲೆ ತಿಂಗಳುಗಟ್ಟಲೆ ಅವರ ಮನೆಗೆ ಬೇಕರಿಯಿಂದ ಬಿಸಿ ಬ್ರೆಡ್ ಬಂತು.

ಮಿನ್ಯೊನ ಆಂಪ್ಲಿಫೈಯರನ್ನು ಅವನೇ ಕಟ್ಟಿದ್ದ. ವಾಲ್ವ್‌ನದು, ಹಳೆಯ ರೇಡಿಯೊಗಳಲ್ಲಿ ಇರುತ್ತಿದ್ದಂಥ ಗಾಜಿನ ಬುರುಡೆಗಳದ್ದು. ಕಾರ್ಖಾನೆಯ ಗುಜರಿಯಿಂದ ತಂದ ಕಬ್ಬಿಣದ ತಗಡಿನ ಮೇಲೆ ವಾಲ್ವ್‌ಗಳು ಸಾಲಾಗಿ ನಿಂತು ಕೆಂಪಗೆ ಉರಿಯುತ್ತಿದ್ದವು. ಕಟ್ಟಿ ಮುಗಿಸಿದ ಮೊದಲ ದಿನ ಅದು ಗುಂಯ್ ಅಂದಿತು. ಅದಕ್ಕೆ ಅರ್ಥಿಂಗ್ ಬೇಕಿತ್ತು. ಅವರಿದ್ದ ಮಹಡಿ ಮನೆಗಳ ಬ್ಲಾಕಿನಲ್ಲಿ ಅರ್ಥಿಂಗ್ ಇರಲಿಲ್ಲ. ಕಟ್ಟಿದವರು ಗೋಡೆಯೊಳಗೆ ಎರಡೇ ತಂತಿ ಎಳೆದಿದ್ದರು. ನೆಲಕ್ಕೆ ಹೋಗುವ ಮೂರನೆಯ ತಂತಿ ಯಾರ ಮನೆಗೂ ಇಲ್ಲ. ಹಾಕಿಸಬೇಕಾದರೆ ಕೆಳಗಿನ ನೆಲಮಾಳಿಗೆಯಿಂದ ಗೋಡೆ ಕೊರೆದುಕೊಂಡು ಬರಬೇಕು.

"ಕೊರೆಸು," ಅಂದಳು ಗಿನ್ಕಾ.

"ಯಾಕೆ ಕೊರೆಸ್ಬೇಕು? ಬಚ್ಚಲಲ್ಲಿ ಹೆಬ್ಬಾವಿನ ಥರ ಕಬ್ಬಿಣದ ಪೈಪಿದೆ. ಸೀದಾ ಇಳಿದು ಮಣ್ಣೊಳಗೆ ಹೋಗುತ್ತೆ. ಇದಕ್ಕಿಂತ ಅರ್ಥಿಂಗ್ ಬೇಕಾ?"

ನಡುಮನೆಯಿಂದ ಹೊಸ್ತಿಲ ಅಂಚಿನಲ್ಲಿ ಒಂದು ತಂತಿ ಎಳೆದ. ಬಚ್ಚಲಿನ ನೀರಿನ ಪೈಪಿನ ಬಣ್ಣ ಕೆರೆದು ಹೊಳಪು ಬರಿಸಿ, ಪಟ್ಟಿ ಹಾಕಿ ಬಿಗಿದ. ಗುಂಯ್ ಸದ್ದು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ನಿಂತಿತು. ನಾನು ಮಾಡಿದ ಸುಧಾರಣೆಗಳಲ್ಲೆಲ್ಲ ಇದೇ ದೊಡ್ಡದು, ಇದಕ್ಕೆ ಖರ್ಚೇ ಇಲ್ಲ ಅಂತ ವರ್ಷಾನುಗಟ್ಟಲೆ ಹೇಳಿಕೊಂಡು ತಿರುಗಿದ. ಅವನು ಹೇಳಿದ್ದು ಕೇಳಿ ಆ ಊರಿನಲ್ಲಿ ಎಷ್ಟು ಜನ ಹೀಗೆ ಪೈಪಿಗೆ ತಂತಿ ಕಟ್ಟಿದ್ದಾರೋ ಗೊತ್ತಿಲ್ಲ.

ಅವನು ಸತ್ತ ವರ್ಷದ ಬೇಸಿಗೆಯಲ್ಲಿ ಕೆಳಗಿನ ಮನೆಯ ತ್ಸಾನಾ ಅಜ್ಜಿ ಪೈಪು ಬದಲಾಯಿಸಿದಳು. ಒಂಟಿ ಮುದುಕಿ. ಹಳೆಯ ಕಬ್ಬಿಣದ ಪೈಪು ತುಕ್ಕು ತಿಂದು ಗೋಡೆಗೆ ನೀರು ಬಿಡುತ್ತಿತ್ತು. ಪ್ಲಂಬರ್ ಬಂದು ಅವಳ ಬಚ್ಚಲಿನ ನೆಲದಿಂದ ಚಾವಣಿಯವರೆಗೆ ಕಬ್ಬಿಣ ಕತ್ತರಿಸಿ ತೆಗೆದು ಬಿಳಿ ಪ್ಲಾಸ್ಟಿಕ್ ಪೈಪು ಕೂರಿಸಿದ. ಇಡೀ ದಿನ ನೀರಿಲ್ಲ ಅಂತ ಗಿನ್ಕಾ ಗೊಣಗಿದಳು. ಸಂಜೆ ನೀರು ಬಂತು. ಎಲ್ಲರೂ ಮರೆತರು.

ಕಬ್ಬಿಣ ತುಂಡಾದ ಗಳಿಗೆಯಲ್ಲೇ ಮಿನ್ಯೊನ ತಂತಿಗೆ ನೆಲ ತಪ್ಪಿತ್ತು. ಮೇಲಿನ ಪೈಪು ಯಾವ ಮಣ್ಣಿಗೂ ಮುಟ್ಟದೆ ಗೋಡೆಯಲ್ಲಿ ಸುಮ್ಮನೆ ನೇತಾಡುತ್ತಿತ್ತು. ಅದು ಅವನಿಗೆ ಹೊಳೆಯಲಿಲ್ಲ. ಗಿನ್ಕಾಗಂತೂ ಗೊತ್ತಾಗುವ ಮಾತೇ ಅಲ್ಲ. ಗೊತ್ತಾದದ್ದು ಒಂದೇ: ಗುಂಯ್ ಸದ್ದು ತಿರುಗಿ ಬಂತು.

ಮಿನ್ಯೊ ವಾಲ್ವ್ ಬದಲಾಯಿಸಿದ. ಗುಂಯ್. ಪ್ಲಗ್ಗು ತಿರುಗಿಸಿ ಹಾಕಿದ. ಗುಂಯ್. ಊರಿಗೆಲ್ಲ ಬೇಡ ಅಂದವನು ಕೊನೆಗೆ ತಾನೇ ದಪ್ಪ ತಂತಿ ಕೊಂಡ. ನಾಚಿಕೊಂಡು, ಕೋಟಿನೊಳಗೆ ಮುಚ್ಚಿಟ್ಟುಕೊಂಡು ತಂದ. ಗಿನ್ಕಾ ನೋಡಿದಳು. ತಂತಿ ಹಾಕಿದ ಮೇಲೂ ಗುಂಯ್.

ಇಷ್ಟರಲ್ಲಿ ಇನ್ನೊಂದು ಶುರುವಾಯಿತು. ಸ್ನಾನ ಮಾಡುವಾಗ ನಲ್ಲಿ ಮುಟ್ಟಿದರೆ ಬೆರಳ ತುದಿಯಲ್ಲಿ ಇರುವೆ ಹರಿದ ಹಾಗೆ ಜುಮ್ ಅನ್ನುತ್ತಿತ್ತು.

"ಮಿನ್ಯೊ, ನಲ್ಲಿ ಕಚ್ಚುತ್ತೆ."

"ವಯಸ್ಸಾಯ್ತು ನಿಂಗೆ. ನರ."

"ನರ ಅಂದ್ರೆ ಸೌಟು ಹಿಡಿದ್ರೂ ಜುಮ್ ಅನ್ಬೇಕಲ್ಲ. ನಲ್ಲೀಲಿ ಮಾತ್ರ ನರ ಇದೆಯಾ?"

ಅವನು ಕರೆಂಟು ಇದ್ದರೆ ದೀಪ ಹತ್ತುವ ಸ್ಕ್ರೂಡ್ರೈವರ್ ತಂದು ನಲ್ಲಿಗೆ ಮುಟ್ಟಿಸಿದ. ಒಳಗಿನ ಸಣ್ಣ ದೀಪ ಮಂಕಾಗಿ ಹತ್ತಿತು. ಅವನು ಅದನ್ನು ನೋಡಿದ. ಅವಳೂ ನೋಡಿದಳು.

"ಮೇಲಿನ ಬೋನ್ಚೊನದು," ಅಂದ. "ಅವನ ನೀರು ಕಾಯಿಸೋ ಬಾಯ್ಲರ್ ಹಾಳಾಗಿದೆ. ಕರೆಂಟು ನೀರಿಗೆ ಬಿಡ್ತಾ ಇದೆ."

ಮೇಲೆ ಹೋಗಿ ಜಗಳ ಆಡಿದ. ಬೋನ್ಚೊ ಬಸ್ ಡ್ರೈವರ್, ದಪ್ಪ ಆಳು, ಬನಿಯನ್ನಿನಲ್ಲೇ ಬಾಗಿಲಿಗೆ ಬಂದ. "ನಮ್ಮನೇಲೂ ಜುಮ್ ಅನ್ನುತ್ತೆ ಮಿನ್ಯೊ ಅಣ್ಣ. ನನ್ ಹೆಂಡ್ತಿಗೆ ಇಷ್ಟು ವರ್ಷದಲ್ಲಿ ನಾನು ಮುಟ್ಟಿದ್ರೂ ಜುಮ್ ಅಂದಿರ್ಲಿಲ್ಲ, ಈಗ ನಲ್ಲಿ ಮುಟ್ಟಿದ್ರೆ ಅನ್ನುತ್ತಂತೆ," ಅಂತ ನಗೆಯಾಡಿದ. ಬಾಯ್ಲರ್ ಆರಿಸಿಯೂ ತೋರಿಸಿದ. ಆರಿಸಿದರೂ ನಲ್ಲಿ ಜುಮ್ ಅಂದಿತು. ಮಿನ್ಯೊ ಇಳಿದು ಬಂದು, ಸುಳ್ಳ, ಸರಿಯಾಗಿ ಆರಿಸಿಲ್ಲ ಅಂದ. ಅಲ್ಲಿಂದ ಇಬ್ಬರಿಗೂ ಮಾತು ಕಡಿಮೆಯಾಯಿತು. ಕಬ್ಬಿಣದ ಪೈಪು ನೆಲಕ್ಕೆ ಹೋಗುತ್ತದೆ, ಕರೆಂಟನ್ನು ನುಂಗುತ್ತದೆ ಅನ್ನುವುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ. ಅದೇ ಪೈಪು ಕಚ್ಚಿದಾಗ ಅವನು ಊರೆಲ್ಲ ನೋಡಿದ, ತಾನು ಬಿಗಿದ ಪಟ್ಟಿಯನ್ನೊಂದು ಬಿಟ್ಟು.

"ಒಬ್ಬ ಎಲೆಕ್ಟ್ರೀಷಿಯನ್‌ನ ಕರ್ಸು," ಅಂದಳು ಗಿನ್ಕಾ.

"ಬಂದು ಏನ್ ಮಾಡ್ತಾನೆ? ಸ್ಕ್ರೂಡ್ರೈವರ್ ಮುಟ್ಟಿಸಿ ದುಡ್ಡು ಇಸ್ಕೊಂಡು ಹೋಗ್ತಾನೆ. ನಂಗೆ ಗೊತ್ತಿಲ್ಲದ್ದು ಅವನಿಗೇನು ಗೊತ್ತು?"

"ಗೊತ್ತಿಲ್ದೆ ಇರ್ಲಿ. ಬೇರೆ ಕಣ್ಣು ನೋಡ್ಲಿ."

"ಆ ದುಡ್ಡಿಗೆ ಕರೆಂಟು ಶುದ್ಧ ಮಾಡೋ ಒಂದು ಫಿಲ್ಟರ್ ಬರುತ್ತೆ."

ಗಿನ್ಕಾ ಮತ್ತೆ ಹೇಳಿದಳು. ಮತ್ತೆ ಮತ್ತೆ ಹೇಳಿದಳು. ಆಮೇಲೆ ಬಿಟ್ಟಳು. ನಲ್ಲಿಯನ್ನು ಬಟ್ಟೆ ಸುತ್ತಿಕೊಂಡು ತಿರುಗಿಸುವುದು ರೂಢಿಯಾಯಿತು. ಎಂಥದಕ್ಕೂ ಮನುಷ್ಯ ಒಗ್ಗಿಕೊಳ್ಳುತ್ತಾನೆ.

ಶನಿವಾರ ಅವನು ಹೋದದ್ದು ಆ ಫಿಲ್ಟರಿಗೇ. ಕಾಲ್ಚೊ ಅವನ ಕಾರ್ಖಾನೆಯ ಕಾಲದ ಗೆಳೆಯ. ನದಿಯ ಆಚೆ ಒಂದು ಗ್ಯಾರೇಜಿನಲ್ಲಿ ಹಳೆಯ ರೇಡಿಯೊ, ಟೇಪು, ಸ್ಪೀಕರು ರಾಶಿ ಹಾಕಿಕೊಂಡು ಮಾರುತ್ತಿದ್ದ. ಎಲ್ಲೋ ಮುಚ್ಚಿದ ಪ್ರಯೋಗಶಾಲೆಯಿಂದ ಅವನಿಗೆ ಒಂದು ಕಬ್ಬಿಣದ ಪೆಟ್ಟಿಗೆ ಸಿಕ್ಕಿತ್ತು. ಗೋಡೆಯ ಕರೆಂಟು ಅದರೊಳಗೆ ಹೋಗಿ ಶುದ್ಧವಾಗಿ ಬರುತ್ತದೆ ಅನ್ನುವ ಲೆಕ್ಕ. ಆಮೇಲೆ ಕಾಲ್ಚೊ ಆ ದಿನದ ಮಾತು ಒಂದನ್ನೂ ಬಿಡದೆ ಗಿನ್ಕಾಗೆ ಒಪ್ಪಿಸಿದ.

"ಹಳೇದು ಮಿನ್ಯೊ. ನಿನ್ನ ನನ್ನ ಥರ. ಒಳಗೆ ಏನಾಗಿದೆಯೋ ತೆಗೆದು ನೋಡಿಲ್ಲ."

"ಮಿಲಿಟರಿಗೆ ಮಾಡಿದಂಥ ಮಾಲು. ಇದಕ್ಕೆ ಏನೂ ಆಗಲ್ಲ."

"ಅರ್ಥಿಂಗ್ ಚೆನ್ನಾಗಿರ್ಬೇಕು ಇದಕ್ಕೆ. ಇಲ್ದಿದ್ರೆ ತಿರುಗಿ ಬೀಳುತ್ತೆ. ಇದೆಯಾ?"

"ಇಡೀ ಬ್ಲಾಕಲ್ಲಿ ನನ್ನಷ್ಟು ಒಳ್ಳೇ ಅರ್ಥಿಂಗ್ ಯಾರಿಗೂ ಇಲ್ಲ ಕಣೋ."

ಕಾಲ್ಚೊ ಹೇಳಿದ ಬೆಲೆಗೆ ಮಿನ್ಯೊ ಅರ್ಧ ಹೇಳಿದ. ಕಾಲ್ಚೊ ಬಯ್ದ. ಮಿನ್ಯೊ ಎದ್ದು ಬಾಗಿಲವರೆಗೆ ಹೋಗಿ ತಿರುಗಿ ಬಂದ. ಅವರಿಬ್ಬರ ವ್ಯಾಪಾರ ಯಾವಾಗಲೂ ಹಾಗೇ. ಪೆಟ್ಟಿಗೆ ಹೊತ್ತುಕೊಂಡು ಮಳೆಯಲ್ಲೇ ನಡೆದು ಬಂದ. ಬಸ್ಸಿಗೆ ಯಾಕೆ ಖರ್ಚು.

ಮನೆಯಲ್ಲಿ ಅದನ್ನು ಪ್ಲಗ್ಗಿಗೂ ಆಂಪ್ಲಿಫೈಯರಿಗೂ ನಡುವೆ ಕೂರಿಸಿ, ಅರ್ಥಿಂಗ್ ತಂತಿಯನ್ನು ಅದರ ಮೈಗೆ ಬಿಗಿದ. ಸ್ವಿಚ್ಚು ಹಾಕಿದ. ವಾಲ್ವ್ ಕೆಂಪಾದವು. ನೆಲದ ಮೇಲೆ ಮಲಗಿ ಕಿವಿ ಕೊಟ್ಟ. ಬಹಳ ಹೊತ್ತು ಏಳಲಿಲ್ಲ.

"ಗಿನ್ಕಾ."

"ಏನು?"

"ಬಾ."

ಅವಳು ಕಿವಿ ಕೊಟ್ಟಳು. ಪೂರಾ ಹೋಗಿರಲಿಲ್ಲ. ದುಂಬಿ ಜಾಡಿಯಿಂದ ಪಕ್ಕದ ಕೋಣೆಗೆ ಹೋದಷ್ಟು ದೂರವಾಗಿತ್ತು. ಅವನ ಮುಖ ನೋಡಿದಳು. ಬೇಸಿಗೆಯಿಂದ ಆ ಮುಖ ಇಷ್ಟು ಅರಳಿದ್ದನ್ನು ಕಂಡಿರಲಿಲ್ಲ.

"ಇಲ್ಲ," ಅಂದಳು. "ಏನೂ ಕೇಳಿಸ್ತಿಲ್ಲ."

"ಇದಕ್ಕೆ ಕೊಟ್ಟ ದುಡ್ಡು ಸಾರ್ಥಕ," ಅಂದ.

ಅವತ್ತು ಸಂಜೆ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಅವಳಿಗಿಷ್ಟದ ರೆಕಾರ್ಡ್ ಹಾಕಿದ. ಹಳ್ಳಿಯ ಹೆಂಗಸರು ಒಟ್ಟಿಗೆ ಹಾಡುವುದು. ಸುಟ್ಟ ಮೆಣಸಿನಕಾಯಿಗೆ ಬೆಳ್ಳುಳ್ಳಿ ಹಾಕಿ, ಬಿಳಿ ಚೀಸು ಇಟ್ಟುಕೊಂಡು ತಿಂದರು. ಬೆಳಿಗ್ಗೆ ಹಳೆಯ ರೆಕಾರ್ಡ್‌ಗಳನ್ನೆಲ್ಲ ತೊಳೆಯುತ್ತೇನೆ, ಈಗ ಸದ್ದು ಶುದ್ಧವಾಗಿದೆ, ರೆಕಾರ್ಡ್ ಕೊಳೆಯಾಗಿದ್ದರೆ ಗೊತ್ತಾಗಿಬಿಡುತ್ತದೆ ಅಂದ. ಅವಳು ಸರಿ ಅಂದಳು. ಸ್ನಾನ ಮಾಡಲು ಹೋದಾಗ ನಲ್ಲಿ ಬಟ್ಟೆಯ ಮೇಲಿಂದಲೇ ಜುಮ್ ಅಂದಿತು, ಹಿಂದಿಗಿಂತ ಜೋರಾಗಿ. ಹೇಳೋಣ ಅಂತ ಹೊರಗೆ ಬಂದಳು. ಅವನು ಕಣ್ಣು ಮುಚ್ಚಿ ಹಾಡು ಕೇಳುತ್ತಿದ್ದ. ನಾಳೆ ಹೇಳಿದರಾಯಿತು ಅಂತ ಬಿಟ್ಟಳು.

ಭಾನುವಾರ ಬೆಳಿಗ್ಗೆ ಅವನು ಒಂದು ರೆಕಾರ್ಡ್ ಹಚ್ಚಿ, ಕೇಳುತ್ತ ಕೆಲಸ ಮಾಡುತ್ತೇನೆ ಅಂತ ಬಚ್ಚಲಿಗೆ ಹೋದ. ಸ್ನಾನದ ತೊಟ್ಟಿಯ ಪಕ್ಕ ಬರಿಗಾಲಲ್ಲಿ ಮಂಡಿಯೂರಿ, ಹರಿಯುವ ನೀರಿನಲ್ಲಿ ರೆಕಾರ್ಡ್ ತೊಳೆಯುವುದು ಅವನ ಕ್ರಮ. ಅಂಗೈಯಲ್ಲಿ ಸಾಬೂನು ಹಚ್ಚಿ, ಗೆರೆ ಹೋದ ದಿಕ್ಕಿಗೇ ಸವರುತ್ತಿದ್ದ. ಹಸುಗೂಸಿಗೆ ಎರೆದ ಹಾಗೆ. ಗಿನ್ಕಾ ಅಡುಗೆಮನೆಯಲ್ಲಿ ಜಾಡಿಗಳಿಗೆ ಮುಚ್ಚಳ ತಿರುಗಿಸುತ್ತಿದ್ದಳು. ಅಡುಗೆಮನೆಯ ನಲ್ಲಿಗೆ ಬೇರೆ ಪೈಪು. ಅದಕ್ಕೇ ಅವಳು ಉಳಿದಳು.

ಹಾಡು ಮುಗಿಯಿತು. ಸೂಜಿ ಕೊನೆಯ ಗೆರೆಯಲ್ಲಿ ಟಕ್, ಟಕ್ ಅಂತ ಬಡಿಯತೊಡಗಿತು. ಅವಳು ಇನ್ನೊಂದು ಮುಚ್ಚಳ ತಿರುಗಿಸಿದಳು. ಟಕ್, ಟಕ್. ಸೂಜಿ ಸವೆಯುತ್ತದೆ ಅಂತ ಅವನು ಅದನ್ನು ಒಂದು ಗಳಿಗೆಯೂ ಹಾಗೆ ಬಿಡುವವನಲ್ಲ. ಊಟದ ನಡುವೆ ಎದ್ದು ಓಡುತ್ತಿದ್ದ. ಜ್ವರದಲ್ಲಿ ಎದ್ದು ಓಡಿದ್ದ. ಗಿನ್ಕಾ ಮುಚ್ಚಳ ಕೆಳಗಿಟ್ಟಳು. ಮಿನ್ಯೊ ಅಂತ ಕರೆಯಲಿಲ್ಲ. ಅಷ್ಟು ಹೊತ್ತಿಗೇ ಅವಳಿಗೆ ಗೊತ್ತಾಗಿತ್ತು.

ಅವನು ತೊಟ್ಟಿಯ ಅಂಚಿಗೆ ಎದೆ ಒರಗಿಸಿಕೊಂಡಿದ್ದ. ಒಂದು ಕೈ ನಲ್ಲಿಯ ಮೇಲೆ. ನೀರು ಹರಿಯುತ್ತಿತ್ತು. ಅವಳು ಭುಜ ಹಿಡಿದಳು. ಯಾರೋ ಕೊಡಲಿಯಿಂದ ಹೊಡೆದ ಹಾಗೆ ಕೈ ಹಿಂದಕ್ಕೆ ಹಾರಿತು. ಬಾಗಿಲಿಗೆ ಬಡಿದುಕೊಂಡು ಬಿದ್ದಳು. ಅವಳು ಕೆಲಸ ಮಾಡಿದ್ದ ಬಟ್ಟೆ ಗಿರಣಿಯಲ್ಲಿ ಕಲಿಸಿದ್ದರು: ಮನುಷ್ಯನನ್ನು ಮುಟ್ಟಬೇಡ, ಮೊದಲು ಕರೆಂಟು ತೆಗೆ. ಮೊಣಕಾಲಲ್ಲಿ ತೆವಳಿ ಹೋಗಿ ಬಾಗಿಲ ಬಳಿಯ ಫ್ಯೂಸು ಕಿತ್ತಳು. ನಡುಮನೆಯಲ್ಲಿ ಟಕ್ ಅನ್ನುವುದು ನಿಧಾನವಾಗಿ, ಇನ್ನೂ ನಿಧಾನವಾಗಿ ನಿಂತಿತು. ಬೋನ್ಚೊನನ್ನು ಕೂಗಿದಳು. ಅವನು ಬನಿಯನ್ನಿನಲ್ಲೇ ಇಳಿದು ಬಂದು ಮಿನ್ಯೊನನ್ನು ನೆಲದ ಮೇಲೆ ಮಲಗಿಸಿ ಎದೆ ಒತ್ತಿದ. ಆಂಬುಲೆನ್ಸು ಬರುವವರೆಗೂ ಒತ್ತಿದ. ಅದರಿಂದ ಏನೂ ಆಗಲಿಲ್ಲ.

ವಿದ್ಯುತ್ ಕಚೇರಿಯಿಂದ ಒಬ್ಬ ಬಂದ. ಕನ್ನಡಕದ ಮನುಷ್ಯ, ಮೆತ್ತಗೆ ಮಾತಾಡುತ್ತಿದ್ದ. ಪೆಟ್ಟಿಗೆ ಬಿಚ್ಚಿದ, ತಂತಿ ಹಿಡಿದುಕೊಂಡು ಬಚ್ಚಲಿಗೆ ಹೋದ, ಕೆಳಗಿನ ಮನೆಗೆ ಹೋದ, ತಿರುಗಿ ಬಂದು ಅಡುಗೆಮನೆಯಲ್ಲಿ ಕೂತ.

"ಪೆಟ್ಟಿಗೆ ಒಳಗಡೆ ಸುಟ್ಟಿದೆ ಅಮ್ಮಾ. ಕರೆಂಟು ಈ ತಂತಿ ಹಿಡ್ಕೊಂಡು ಪೈಪಿಗೆ ಬಂತು. ಪೈಪಿಂದ ನೆಲಕ್ಕೆ ಹೋಗಿದ್ರೆ ಫ್ಯೂಸು ಹಾರ್ತಿತ್ತು, ಅಲ್ಲಿಗೆ ಮುಗೀತಿತ್ತು. ಕೆಳಗಿನ ಮನೇಲಿ ಪ್ಲಾಸ್ಟಿಕ್ ಇದೆ. ಅದಕ್ಕೇ ನೆಲಕ್ಕೆ ಹೋಗ್ಲಿಲ್ಲ, ಪೈಪಲ್ಲೇ ನಿಂತುಬಿಟ್ಟಿತು. ಯಾರಾದ್ರೂ ಮುಟ್ಟಿದ್ರೆ ಅವರ ಮೂಲಕ ಹೋಗೋದು."

"ಗುಂಯ್ ಅಂತಿತ್ತು," ಅಂದಳು ಗಿನ್ಕಾ.

"ಯಾವಾಗಿಂದ?"

"ಬೇಸಿಗೆಯಿಂದ."

ಅವನು ಕನ್ನಡಕ ತೆಗೆದು ಒರೆಸಿದ. "ಅರ್ಥಿಂಗ್ ಇಲ್ಲ ಅಂತ ಅದು ಹೇಳ್ತಾ ಇತ್ತು," ಅಂದ.

ಊರಿನ ಪದ್ಧತಿಯಂತೆ ಬ್ಲಾಕಿನ ಮುಂಬಾಗಿಲಿಗೆ ಮಿನ್ಯೊನ ಫೋಟೊ ಇರುವ ಸಾವಿನ ಕಾಗದ ಅಂಟಿಸಿದರು. ಅದರ ಮುಂದೆ ನಿಂತವರೆಲ್ಲ ಒಂದೇ ಮಾತಾಡಿದರು. ತ್ಸಾನಾ ಅಜ್ಜಿ ಪ್ಲಾಸ್ಟಿಕ್ ಹಾಕಿಸದಿದ್ದರೆ ಮಿನ್ಯೊ ಇರುತ್ತಿದ್ದ. ಯಾರನ್ನೂ ಕೇಳದೆ ಪೈಪು ಕತ್ತರಿಸಿದಳು. ಅಗ್ಗ ನೋಡಿದಳು. ಗಿನ್ಕಾ ಅದನ್ನು ಕೇಳಿಸಿಕೊಂಡಳು. ಕೇಳುವುದಕ್ಕೆ ಒಂದು ಥರ ಹಿತವಾಗಿತ್ತು. ಸಿಟ್ಟನ್ನು ಇಡುವುದಕ್ಕೆ ಒಂದು ಜಾಗ ಬೇಕಿತ್ತು, ಅದು ಒಂದು ಮಹಡಿ ಕೆಳಗೇ ಸಿಕ್ಕಿತು.

ಸತ್ತ ನಲವತ್ತನೆಯ ದಿನ, ಸತ್ತವರ ಹೆಸರಲ್ಲಿ ಹಂಚುವ ಕ್ರಮದಂತೆ, ಗೋಧಿ ಬೇಯಿಸಿ, ಸಕ್ಕರೆ ಉದುರಿಸಿ, ಮನೆಮನೆಗೆ ಹಂಚಿದಳು. ತ್ಸಾನಾ ಅಜ್ಜಿಯ ಬಾಗಿಲನ್ನು ದಾಟಿ ಹೋದಳು. ಬಾಗಿಲ ಹಿಂದೆ ಚಪ್ಪಲಿ ಸರಿದ ಸದ್ದು ಕೇಳಿತು. ಗಿನ್ಕಾ ನಿಲ್ಲಲಿಲ್ಲ. ಮೆಟ್ಟಿಲ ಮೇಲೆ ಎದುರಾದರೆ ಮುಖ ತಿರುಗಿಸುತ್ತಿದ್ದಳು. ಅಜ್ಜಿ ಗೋಡೆಗೆ ಅಂಟಿ ನಿಂತು ದಾರಿ ಬಿಡುತ್ತಿದ್ದಳು.

ಕಾಲ್ಚೊ ಒಂದು ದಿನ ಬಂದ. ಟೋಪಿ ಕೈಯಲ್ಲಿ ಹಿಸುಕುತ್ತ ನಿಂತ.

"ಈ ಸಾಮಾನೆಲ್ಲ ಮಾರಿಕೊಡ್ಲಾ ಗಿನ್ಕಾ? ನಿಂಗೂ ಆಗುತ್ತೆ."

"ಯಾವುದು ದುಡ್ಡು ಬಾಳುತ್ತೆ ಇದರಲ್ಲಿ?"

ಅವನು ಸ್ಪೀಕರ್ ನೋಡಿದ, ಆಂಪ್ಲಿಫೈಯರ್ ನೋಡಿದ. "ಅದನ್ನ ನಾವು ಅವನನ್ನೇ ಕೇಳ್ತಿದ್ದದ್ದು," ಅಂದ. ಏನೂ ತೆಗೆದುಕೊಳ್ಳದೆ ಹೋದ.

ಚಳಿಗಾಲ ಕಳೆಯಿತು. ಕಚೇರಿಯವರ ನೋಟೀಸಿನ ಮೇಲೆ ಬ್ಲಾಕಿಗೆಲ್ಲ ಗೋಡೆ ಕೊರೆದು ಅರ್ಥಿಂಗ್ ಹಾಕಿದರು. ಪೈಪುಗಳಿಗೆ ಕಟ್ಟಿದ್ದ ತಂತಿಗಳನ್ನು ಕಿತ್ತರು. ಮಿನ್ಯೊನದೊಂದೇ ಅಲ್ಲ, ಅಂಥವು ಇನ್ನೂ ಸಿಕ್ಕವು.

ಹಿಮ ಕರಗಿದ ಮೇಲೆ ಗಿನ್ಕಾ ಒಂದು ಬೆಳಿಗ್ಗೆ ತ್ಸಾನಾ ಅಜ್ಜಿಯನ್ನು ಮೆಟ್ಟಿಲ ಮೇಲೆ ನೋಡಿದಳು. ಅಂಗಡಿಯ ದೊಡ್ಡ ನೀರಿನ ಬಾಟಲಿಗಳನ್ನು ಎರಡು ಕೈಯಲ್ಲೂ ಹಿಡಿದು ಏರುತ್ತಿದ್ದಳು. ಎರಡು ಮೆಟ್ಟಿಲು ಏರಿ ಬಾಟಲಿ ಕೆಳಗಿಟ್ಟು ಕೂರುತ್ತಿದ್ದಳು. ಬೋನ್ಚೊ ಪಕ್ಕದಲ್ಲೇ ಇಳಿದು ಹೋದ. "ಅಜ್ಜಿಗೀಗ ನಲ್ಲಿ ನೀರು ಸೇರಲ್ಲ. ದೊಡ್ಡ ಮನುಷ್ಯರ ಸಾಲಿಗೆ ಸೇರಿದ್ದಾಳೆ," ಅಂತ ಕೇಳುವ ಹಾಗೆ ಅಂದ.

ಗಿನ್ಕಾಗೆ ರೇಗಿತು. ನನ್ನ ಗಂಡನನ್ನು ಮಣ್ಣಿಗಿಟ್ಟು ಇವಳು ಅಂಗಡಿ ನೀರು ಕುಡಿಯುತ್ತಾಳೆ ಅನ್ನಿಸಿತು. ಹಿಂದೆಯೇ ಹೋಗಿ, ಮುಚ್ಚುವ ಮುಂಚೆ ಬಾಗಿಲಿಗೆ ಕೈ ಕೊಟ್ಟಳು.

"ಒಂದು ಮಾತಿದೆ."

"ಬಾ," ಅಂದಳು ಅಜ್ಜಿ.

ಅಡುಗೆಮನೆಯಲ್ಲಿ ತೊಳೆಯದ ತಟ್ಟೆಗಳು. ಬೋಗುಣಿಯಲ್ಲಿ ಬಳಸಿದ ನೀರನ್ನೇ ಮತ್ತೆ ಬಳಸಲು ಇಟ್ಟಿದ್ದಳು. ಸಿಂಕಿನ ನಲ್ಲಿಗೆ ಟವೆಲು ಸುತ್ತಿ ಹಗ್ಗ ಬಿಗಿದಿತ್ತು. ಗಿನ್ಕಾ ಬೆರಳು ಮಾಡಿ ತೋರಿಸಿದಳು.

"ಇದೇನು?"

"ಮುಟ್ಟೋಕಾಗಲ್ಲ," ಅಂದಳು ಅಜ್ಜಿ. "ಕೈ ಚಾಚ್ತೀನಿ. ಅವನ ಮುಖ ಕಣ್ಮುಂದೆ ಬರುತ್ತೆ."

"ಕಬ್ಬಿಣ ಹಾಕಿಸಿದ್ರೆ ಇದೆಲ್ಲ ಆಗ್ತಿರ್ಲಿಲ್ಲ. ಅಗ್ಗ ನೋಡ್ದೆ ನೀನು."

ಅಜ್ಜಿ ಕೂತಳು. ಮೇಜಿನ ಬಟ್ಟೆ ಸವರಿದಳು.

"ಹೌದು," ಅಂದಳು. "ಅಗ್ಗ ನೋಡ್ದೆ."

ಆ ದನಿ ಗಿನ್ಕಾಗೆ ಸರಿ ಬರಲಿಲ್ಲ. ಮಕ್ಕಳು ಬೇರೆಯವರ ತಪ್ಪಿಗೆ ಏಟು ತಿನ್ನುವಾಗ ಆ ದನಿಯಲ್ಲಿ ಮಾತಾಡುತ್ತಾರೆ.

"ಯಾರು ಹೇಳಿದ್ರು ನಿಂಗೆ ಪ್ಲಾಸ್ಟಿಕ್ ಹಾಕ್ಸು ಅಂತ?"

"ಯಾರೂ ಇಲ್ಲ."

"ಅಜ್ಜಿ."

"ಬಿಡು ಮಗಳೇ."

"ಯಾರು?"

ಅಜ್ಜಿ ಕಿಟಕಿಯ ಕಡೆ ನೋಡಿದಳು. "ಈ ಊರಲ್ಲಿ ಯಾವುದಕ್ಕೆ ದುಡ್ಡು ಹಾಕ್ಬೇಕು ಅಂತ ಯಾರನ್ನ ಕೇಳ್ತಾರೆ? ನಾನೂ ಅವನನ್ನೇ ಕೇಳ್ದೆ. 'ಕಬ್ಬಿಣಕ್ಕೆ ಹಾಕ್ಬೇಡ ಅಜ್ಜಿ, ಅದು ತುಕ್ಕು ತಿನ್ನುತ್ತೆ. ಪ್ಲಾಸ್ಟಿಕ್ ನಿನ್ನ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ' ಅಂದ. ಪ್ಲಂಬರ್ ಹತ್ರ ಚೌಕಾಸಿ ಮಾಡಿದ್ದೂ ಅವನೇ."

ಅವನು ಚೌಕಾಸಿ ಮಾಡಿ ಬಂದ ಮುಖ ಗಿನ್ಕಾಗೆ ಗೊತ್ತು. 'ಅಜ್ಜಿಗೆ ಇವತ್ತು ಒಳ್ಳೇದು ಮಾಡ್ದೆ' ಅಂತ ಬಂದು ಕೂತಿದ್ದ ಒಂದು ಸಂಜೆ ನೆನಪಾಯಿತು. ಏನು ಒಳ್ಳೇದು ಅಂತ ಅವಳು ಕೇಳಿರಲಿಲ್ಲ.

"ಮೆಟ್ಟಿಲ ಮೇಲೆ ಎಲ್ಲರೂ ನಿನ್ನ ಬಾಯಿಗೆ ಬಂದ ಹಂಗೆ ಅಂದ್ರು. ಈಗ ನಾನೂ ಅಂದೆ. ಯಾಕೆ ಹೇಳ್ಲಿಲ್ಲ?"

"ಹೇಳಿ? ಅವನ ಮಾತು ಕೇಳಿ ಊರೆಲ್ಲ ನಾಕು ಕಾಸು ಉಳಿಸ್ಕೊಂಡಿದೆ. ಅವನ ಮಾತೇ ಅವನನ್ನ ತಿಂತು ಅಂತ ನಾನು ಬಾಗಿಲಲ್ಲಿ ನಿಂತು ಸಾರ್ಲಾ? ಮಣ್ಣಾದವನ ಮೇಲೆ? ನಾನು ಇನ್ನೆಷ್ಟು ದಿನ ಇರ್ತೀನಿ. ನನ್ನ ಮೇಲೇ ಇರ್ಲಿ."

ಗಿನ್ಕಾ ಕೂರಲಿಲ್ಲ, ಅಳಲಿಲ್ಲ. ಮೇಲೆ ಹೋದಳು. ಬೋನ್ಚೊನ ಬಾಗಿಲು ಬಡಿದಳು. ಅವನು ಹೊರಗೆ ಹೋಗಿದ್ದ. ಹೆಂಡತಿ ಬಂದಳು.

"ಪ್ಲಾಸ್ಟಿಕ್ ಹಾಕ್ಸು ಅಂತ ಅಜ್ಜಿಗೆ ಹೇಳಿದ್ದು ನನ್ನ ಗಂಡ. ನಿನ್ನ ಗಂಡನಿಗೆ ಹೇಳು. ಎಲ್ಲರಿಗೂ ಹೇಳೋಕೆ ಹೇಳು," ಅಂದಳು. ಆ ಹೆಂಗಸು ಬಾಯಿ ತೆರೆಯುವುದರೊಳಗೆ ಗಿನ್ಕಾ ಇಳಿದು ಬಂದಳು.

ಅಜ್ಜಿಯ ಬಾಗಿಲು ಇನ್ನೂ ತೆರೆದೇ ಇತ್ತು. ಗಿನ್ಕಾ ಸಿಂಕಿನ ಹತ್ತಿರ ಹೋಗಿ ಹಗ್ಗದ ಗಂಟು ಹಲ್ಲಿನಿಂದ ಬಿಡಿಸಿದಳು. ಟವೆಲು ತೆಗೆದಳು. ಹಿಂದೆ ಅಜ್ಜಿಯ ಉಸಿರು ಕೇಳುತ್ತಿತ್ತು. ನಲ್ಲಿಯ ಮೇಲೆ ಬರಿಗೈ ಇಟ್ಟಳು. ತಣ್ಣಗಿತ್ತು. ಬೇರೇನೂ ಇರಲಿಲ್ಲ. ತಿರುಗಿಸಿದಳು. ಬಹಳ ದಿನದಿಂದ ನಿಂತಿದ್ದಕ್ಕೆ ಪೈಪು ಕೆಮ್ಮಿತು, ಆಮೇಲೆ ನೀರು ಬಂತು. ತಟ್ಟೆಗಳನ್ನೆಲ್ಲ ತೊಳೆದಳು.

ಅಜ್ಜಿಯ ಕೈ ಇವತ್ತಿಗೂ ನಲ್ಲಿಗೆ ಹೋಗುವುದಿಲ್ಲ. ಡಾಕ್ಟರು ಧೈರ್ಯ ಹೇಳಿದರು, ಕಚೇರಿಯ ಕನ್ನಡಕದವನೂ ಬಂದು ಸ್ಕ್ರೂಡ್ರೈವರ್ ಮುಟ್ಟಿಸಿ ತೋರಿಸಿ ಹೋದ. ಆಗಲಿಲ್ಲ. ಹಾಗಾಗಿ ಗಿನ್ಕಾ ದಿನಾ ಬೆಳಿಗ್ಗೆ ತನ್ನ ಕಾಫಿಗೆ ಮುಂಚೆ ಒಂದು ಮಹಡಿ ಇಳಿಯುತ್ತಾಳೆ. ಅಜ್ಜಿ ಬಾಗಿಲು ತೆರೆದು ಗೋಡೆಯ ಕಡೆಗೆ ಸರಿದು ನಿಲ್ಲುತ್ತಾಳೆ. ಗಿನ್ಕಾ ನಲ್ಲಿ ತಿರುಗಿಸಿ ಹೂಜಿ ತುಂಬುತ್ತಾಳೆ, ಬೋಗುಣಿ ತುಂಬುತ್ತಾಳೆ, ಮುಖ ತೊಳೆಯಲು ಒಂದು ಚೆಂಬು ಬೇರೆ ಇಡುತ್ತಾಳೆ. ಕೆಟಲನ್ನು ಒಲೆಯ ಮೇಲೆ ಇಟ್ಟು, ನಲ್ಲಿಯನ್ನು ಹನಿ ಬೀಳದ ಹಾಗೆ ಬಿಗಿಯುತ್ತಾಳೆ.